ಒಂದು ಭಾಷೆ, ಎರಡು ದೇಶ

ಢಾಕಾ ವಿಶ್ವವಿದ್ಯಾಲಯದ ಮಸೀದಿಯ ಪಕ್ಕದಲ್ಲಿ ಕವಿ ಕಾಝಿ ನಝ್ರುಲ್ ಇಸ್ಲಾಮ್‌ರ ಕಬರ್ ಇದೆ. ಅವರು ಬಾಂಗ್ಲಾದೇಶದ ರಾಷ್ಟ್ರಕವಿ. ಆದರೆ ಹುಟ್ಟಿದ್ದು 1899ರಲ್ಲಿ, ಇಂದಿನ ಪಶ್ಚಿಮ ಬಂಗಾಳದ ಚುರುಲಿಯಾ ಗ್ರಾಮದಲ್ಲಿ. ತಂದೆ ಅಲ್ಲಿನ ಮಸೀದಿಯ ಇಮಾಮರು. ತಂದೆ ತೀರಿಕೊಂಡ ಮೇಲೆ ಬಾಲಕ ನಝ್ರುಲ್ ಮಸೀದಿಯಲ್ಲಿ ಅಝಾನ್ ಕೊಟ್ಟು ಮನೆಗೆ ಆಸರೆಯಾದರು. ಇಮಾಮರಾದ ನಮಗೆ ಈ ಸಂಗತಿ ಓದಿದಾಗಲೆಲ್ಲ ಒಂದಿಷ್ಟು ಹೆಮ್ಮೆಯೆನಿಸುತ್ತದೆ.

1947ರಲ್ಲಿ ಪೂರ್ವ ಬಂಗಾಳವು ಧರ್ಮದ ಆಧಾರದಲ್ಲಿ ಪಾಕಿಸ್ತಾನದ ಭಾಗವಾಯಿತು. ಉರ್ದುವೊಂದೇ ರಾಷ್ಟ್ರಭಾಷೆ ಎಂದು ಆಳುವವರು ಹಟ ಹಿಡಿದರು. 1952ರ ಫೆಬ್ರವರಿ 21ರಂದು ಢಾಕಾದಲ್ಲಿ ಪೊಲೀಸರ ಗುಂಡಿಗೆ ಯುವಕರು ಬಲಿಯಾದರು. ಕೊಂದವರೂ ಸತ್ತವರೂ ಒಂದೇ ಕಿಬ್ಲಾದತ್ತ ಮುಖ ಮಾಡುವವರು. ಮನೆಯಲ್ಲಿ ಬ್ಯಾರಿ, ದಖನಿ, ನವಾಯತಿ ಮಾತಾಡುತ್ತ ಕನ್ನಡದಲ್ಲಿ ಓದುವ ನಮಗೆ ಭಾಷೆಯ ಈ ಸಂಕಟವನ್ನು ಬಿಡಿಸಿ ಹೇಳಬೇಕಿಲ್ಲ.

1971ರಲ್ಲಿ ದೇಶ ಸ್ವತಂತ್ರವಾಯಿತು. ಅದರ ಹಿಂದೆಯೇ ಬೇರೊಂದು ಪ್ರಶ್ನೆ ಎದ್ದಿತು. ಮೂರು ಕಡೆಯಿಂದಲೂ ಸುತ್ತುವರಿದ ಭಾರತ ದೊಡ್ಡ ದೇಶ, ಯುದ್ಧದಲ್ಲಿ ನೆರವಾದ ದೇಶ. ರಾಷ್ಟ್ರಗೀತೆಯೂ ಕಲ್ಕತ್ತೆಯ ರವೀಂದ್ರನಾಥ ಟಾಗೋರರದ್ದು. 1972ರ ಸಂವಿಧಾನವು ಪ್ರಜೆಗಳನ್ನು 'ಬಂಗಾಳಿ'ಗಳೆಂದು ಕರೆಯಿತು. ಹಾಗಾದರೆ ಕಲ್ಕತ್ತೆಯ ಬಂಗಾಳಿಗೂ ಢಾಕಾದ ಬಂಗಾಳಿಗೂ ವ್ಯತ್ಯಾಸವೇನು? ಚಿತ್ತಗಾಂಗ್ ಬೆಟ್ಟಗಳ ಚಕ್ಮಾ ಜನರ ಪ್ರತಿನಿಧಿ ಮಾನವೇಂದ್ರ ನಾರಾಯಣ ಲಾರ್ಮಾ ಸಂವಿಧಾನ ಸಭೆಯಲ್ಲೇ ಆಕ್ಷೇಪಿಸಿದರು: ತಾವು ಈ ದೇಶದವರು, ಆದರೆ ಬಂಗಾಳಿಗಳಲ್ಲ ಎಂದು. ನಿನ್ನೆಯವರೆಗೆ ಭಾಷೆಯ ಹೇರಿಕೆಗೆ ನೊಂದವರೇ ಇಂದು ಚಿಕ್ಕವರ ಮೇಲೆ ಹೆಸರು ಹೇರಿದರಲ್ಲ! ಮುಂದೆ ಝಿಯಾವುರ್ರಹ್ಮಾನ್‌ರ ಆಡಳಿತದಲ್ಲಿ 'ಬಾಂಗ್ಲಾದೇಶಿ' ಎಂಬ ಹೆಸರು ಬಂತು. ಅದರಲ್ಲಿ ಭಾರತದಿಂದ ಪ್ರತ್ಯೇಕವಾಗಿ ನಿಲ್ಲುವ ಆಸೆಯೂ ಇತ್ತು, ರಾಜಕೀಯವೂ ಇತ್ತು. ಇವೆರಡು ಹೆಸರುಗಳ ಜಗಳ ಅಲ್ಲಿ ಇನ್ನೂ ಆರಿಲ್ಲ.

ಭಾಷೆ ಒಂದೇ ಆದ ಮಾತ್ರಕ್ಕೆ ನದಿಯ ನೀರಿನ ಲೆಕ್ಕ ಮುಗಿಯುವುದಿಲ್ಲ. 1975ರಲ್ಲಿ ಫರಕ್ಕಾ ಅಣೆಕಟ್ಟು ಕೆಲಸ ಆರಂಭಿಸಿದಾಗಿನಿಂದ ಬೇಸಗೆಯ ಗಂಗಾ ನೀರಿಗಾಗಿ ತಕರಾರು ನಡೆಯಿತು. 30 ವರ್ಷಗಳ ಒಪ್ಪಂದ ಆದದ್ದು 1996ರಲ್ಲಿ. ತಮ್ಮ ಬೇರೆ ಮನೆ ಮಾಡಿದರೆ ಅಣ್ಣನ ಪ್ರೀತಿ ಸುಳ್ಳಾಗುವುದಿಲ್ಲ, ಆದರೆ ಬಾವಿಯ ಪಾಲು ಬರೆದುಕೊಳ್ಳಲೇಬೇಕು.

ನಝ್ರುಲ್‌ರಿಗೆ 1960ರಲ್ಲಿ ಭಾರತ ಪದ್ಮಭೂಷಣ ನೀಡಿತ್ತು. ರೋಗದಿಂದ ಮಾತು ನಿಂತುಹೋಗಿದ್ದ ಅವರನ್ನು 1972ರಲ್ಲಿ ಢಾಕಾಕ್ಕೆ ಕರೆತಂದರು. 1976ರಲ್ಲಿ ಅಲ್ಲಿನ ಪೌರತ್ವ ಸಿಕ್ಕಿತು, ಅದೇ ವರ್ಷ ವಫಾತಾದರು. ಅವರ ಪತ್ನಿ ಪ್ರಮೀಳಾ 1962ರಲ್ಲೇ ತೀರಿಕೊಂಡಿದ್ದರು. ಆಕೆಯ ಕಬರ್ ಚುರುಲಿಯಾದಲ್ಲಿದೆ.