ಕೇಳುವ ಕರ್ನಲ್, ತಂದುಕೊಡುವ ಡೀಮನ್: ಜಾಲದ ಫೈಲುಗಳಿಗೆ ಗುರುತು ಬಂದ ಬಗೆ

1986ರಲ್ಲಿ ಭಾರತದ ಶೈಕ್ಷಣಿಕ ಜಾಲವಾದ ಅರ್ನೆಟ್ ಯೋಜನೆ ಶುರುವಾದಾಗ ಅದರ ಎಂಟು ಮೂಲ ಸಂಸ್ಥೆಗಳಲ್ಲಿ ಎರಡು ಮುಂಬಯಿಯವು: ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಾದ ಟಿಐಎಫ್‌ಆರ್‌ನ ಒಡಲಿಂದ ಬಂದ ಸಾಫ್ಟ್‌ವೇರ್ ಸಂಶೋಧನಾ ಕೇಂದ್ರ ಎನ್‌ಸಿಎಸ್‌ಟಿ ಮತ್ತು ಪವಾಯಿಯ ಐಐಟಿ. ಇವೆರಡರ ನಡುವೆ ಮೊದಲು ಹರಿದದ್ದು ಡಯಲ್-ಅಪ್ ಫೋನಿನ ಮೇಲಿನ ಇ-ಮೇಲ್. ಅಂದಿನ ಶೈಕ್ಷಣಿಕ ಜಾಲಗಳಲ್ಲಿ ಆಚೆ ಬದಿಯ ಯಂತ್ರವನ್ನು ನಂಬುವುದೇ ರೂಢಿ. ಸನ್ ಮೈಕ್ರೋಸಿಸ್ಟಮ್ಸ್ 1984ರಲ್ಲಿ ತಂದ ಜಾಲದ ಫೈಲು ವ್ಯವಸ್ಥೆ ಎನ್‌ಎಫ್‌ಎಸ್ ನಿಂತದ್ದೂ ಅದೇ ನಂಬಿಕೆಯ ಮೇಲೆ. ಕ್ಲೈಂಟ್ ಯಂತ್ರ ತನ್ನ ಬಳಕೆದಾರನ ಸಂಖ್ಯೆ ಇಷ್ಟು ಎಂದರೆ ಸರ್ವರ್ ಒಪ್ಪುತ್ತಿತ್ತು. ಸೊಸೈಟಿ ಗೇಟಿನ ರಿಜಿಸ್ಟರಿನಲ್ಲಿ ಬಂದವರು ತಾವೇ ಹೆಸರು ಬರೆದು ಒಳಗೆ ನಡೆದಂತೆ.

ಎಂಐಟಿಯ ಅಥೆನಾ ಯೋಜನೆಯಲ್ಲಿ ಹುಟ್ಟಿದ ಕೆರ್ಬೆರೋಸ್ ಎಂಬ ಗುರುತು ಪರಿಶೀಲನಾ ವ್ಯವಸ್ಥೆ ಈ ಸಂಖ್ಯೆಯ ಬದಲು ಟಿಕೆಟ್ಟನ್ನು ಕೇಳಿತು. ಆದರೆ ಫೈಲು ತೆರೆಯುವುದು ಆಪರೇಟಿಂಗ್ ಸಿಸ್ಟಮ್ಮಿನ ತಿರುಳಾದ ಕರ್ನಲ್. ಟಿಕೆಟ್ ಇರುವುದು ಬಳಕೆದಾರನ ಬಳಿ. ಇವರಿಬ್ಬರಲ್ಲಿ ಯಾರು ಯಾರನ್ನು ಕೇಳಬೇಕು? ಈ ಚರಿತ್ರೆಯ ಮುಖ್ಯ ಪ್ರಶ್ನೆ ಇದೇ ಎಂಬುದು ನನ್ನ ವಾದ.

ಕಾರ್ನೆಗಿ ಮೆಲನ್‌ನಲ್ಲಿ ಬೆಳೆದ ಇನ್ನೊಂದು ಫೈಲು ವ್ಯವಸ್ಥೆಯಾದ ಎಎಫ್‌ಎಸ್‌ನಲ್ಲಿ ಕರ್ನಲ್ ಕೇಳುವುದಿಲ್ಲ. ಬಳಕೆದಾರನೇ ಒಂದು ಆದೇಶ ಕೊಟ್ಟು ಟಿಕೆಟ್ಟಿನಂಥ ಟೋಕನ್ನನ್ನು ಮುಂಚಿತವಾಗಿ ಅದರೊಳಗೆ ಇಡಬೇಕು. ಕಣಭೌತಶಾಸ್ತ್ರದ ಸಿಎಂಎಸ್ ಪ್ರಯೋಗದ ಪಾಲುದಾರರಾದ ಕೊಲಾಬಾದ ಟಿಐಎಫ್‌ಆರ್ ವಿಜ್ಞಾನಿಗಳು ಸರ್ನ್‌ನ ಲಕ್ಸ್‌ಪ್ಲಸ್ ಯಂತ್ರಗಳಿಗೆ ಲಾಗಿನ್ ಆದಾಗ ಎದುರಾದದ್ದು ಈ ವ್ಯವಸ್ಥೆ. ಟೋಕನ್ ಅವಧಿ ಮುಗಿದರೆ ನಿನ್ನೆ ತನ್ನದಾಗಿದ್ದ ಫೈಲೇ ಇಂದು ಅನುಮತಿಯಿಲ್ಲ ಎನ್ನುತ್ತದೆ. ರಾತ್ರಿಯಿಡೀ ಓಡುವ ಲೆಕ್ಕಕ್ಕೆ ಇದು ದೊಡ್ಡ ಪೆಟ್ಟು.

ಎನ್‌ಎಫ್‌ಎಸ್ ದಾರಿ ತಿರುಗುಮುರುಗು. ಸನ್‌ನ ಐಸ್ಲರ್, ಚಿಯು, ಲಿಂಗ್ 1997ರಲ್ಲಿ ಜಾಲದ ಕರೆಗಳಿಗೆ ಕೆರ್ಬೆರೋಸ್‌ನಂಥ ಗುರುತನ್ನು ಜೋಡಿಸುವ ಆರ್‌ಪಿಸಿಸೆಕ್-ಜಿಎಸ್‌ಎಸ್ ನಿಯಮಾವಳಿ ಬರೆದರು. ಮಿಷಿಗನ್ ವಿಶ್ವವಿದ್ಯಾಲಯದ ಸಿಟಿ ತಂಡ ಅದನ್ನು ಲಿನಕ್ಸ್‌ಗೆ ತಂದಿತು. ಇಲ್ಲಿ ಫೈಲು ಮುಟ್ಟಿದ ಗಳಿಗೆಯಲ್ಲಿ ಕರ್ನಲ್ ತಾನೇ ಕೇಳುತ್ತದೆ. ವಿಶೇಷ ಪೈಪೊಂದಕ್ಕೆ ‘ವಿಧಾನ ಕೆರ್ಬೆರೋಸ್, ಬಳಕೆದಾರ 1000’ ಎಂಬರ್ಥದ ಒಂದು ಸಾಲು ಬರೆದು ಕಾಯುತ್ತದೆ. ಜಿಎಸ್‌ಎಸ್‌ಡಿ ಎಂಬ, ಹಿನ್ನೆಲೆಯಲ್ಲಿ ಓಡುವ ಡೀಮನ್ ಅದನ್ನೋದಿ ಆ ಬಳಕೆದಾರನ ಟಿಕೆಟ್ ಹುಡುಕುತ್ತದೆ, ಸರ್ವರ್‌ನೊಂದಿಗೆ ಗುರುತಿನ ಮಾತುಕತೆ ಮುಗಿಸುತ್ತದೆ, ಸಿಕ್ಕ ಕೀಲಿಯನ್ನು ಅದೇ ಪೈಪಿನಲ್ಲಿ ಹಿಂದಿರುಗಿಸುತ್ತದೆ. ಆಮೇಲೆ ಪ್ರತಿ ಸಂದೇಶಕ್ಕೆ ಸಹಿ ಹಾಕುವುದು, ಬೇಕಿದ್ದರೆ ಗೂಢಲಿಪಿಗೆ ತಿರುಗಿಸುವುದು ಕರ್ನಲ್‌ನದೇ ಕೆಲಸ. ಹೆಸರು ಹುಡುಕುವ, ಉತ್ತರಕ್ಕೆ ಕಾಯುವ ರಗಳೆಯನ್ನು ಹೊರಗಿಟ್ಟದ್ದು ಜಾಣತನ: ಡೀಮನ್ ಬಿದ್ದರೆ ಒಂದು ಪ್ರಕ್ರಿಯೆ ಬೀಳುತ್ತದೆ, ಕರ್ನಲ್ ಎಡವಿದರೆ ಇಡೀ ಯಂತ್ರ ಮಲಗುತ್ತದೆ. ಆದರೂ ಡೀಮನ್ ಓಡದಿದ್ದರೆ ಟಿಕೆಟ್ಟಿದ್ದವನೂ ಬಾಗಿಲಲ್ಲೇ ನಿಲ್ಲಬೇಕು. ಕರ್ನಲ್ ತನ್ನ ಲಾಗಿನಲ್ಲಿ ‘ಡೀಮನ್ ಓಡುತ್ತಿದೆಯೇ ನೋಡಿ’ ಎಂದು ಬರೆದು ಸುಮ್ಮನಾಗುತ್ತದೆ.

ಸರ್ವರ್ ಬದಿಯ ಡೀಮನ್ನಿನದು ಬೇರೆ ತೊಡಕು. ಬಳಕೆದಾರನ ಗುಂಪುಗಳ ವಿವರ ತುಂಬಿದ ದೊಡ್ಡ ಟಿಕೆಟ್ ಅದರ ಕಿರಿದಾದ ಸಂದೇಶದಲ್ಲಿ ಹಿಡಿಸುತ್ತಿರಲಿಲ್ಲ. 2013ರ ಲಿನಕ್ಸ್ 3.10ರಲ್ಲಿ ಈ ಮಿತಿಯಿಲ್ಲದ ಬದಲಿ ಡೀಮನ್ ಆದ ಜಿಎಸ್‌ಎಸ್-ಪ್ರಾಕ್ಸಿಗೆ ದಾರಿಯಾಯಿತು.

ಇಷ್ಟಾದರೂ, ಲಿನಕ್ಸ್ ಸರ್ವರ್‌ನ ಎಕ್ಸ್‌ಪೋರ್ಟ್ಸ್ ಎಂಬ ಹಂಚಿಕೆ ಪಟ್ಟಿಯ ಫೈಲಿನಲ್ಲಿ ಭದ್ರತಾ ವಿಧಾನ ಯಾವುದೆಂದು ನಮೂದಿಸದಿದ್ದರೆ, ಇಂದಿಗೂ ಚಾಲ್ತಿಗೆ ಬರುವುದು ಕ್ಲೈಂಟ್ ಹೇಳುವ ಆ ಹಳೆಯ ಬಳಕೆದಾರ ಸಂಖ್ಯೆಯೇ.