ಮೊದಲ ವಿಮಾನ ಹಾರಾಟ: ಕೆಡೆಟ್ ಜೇಬಿನಲ್ಲಿ ನಿಂಬೆಹಣ್ಣು ಇದ್ದರೆ ಸಾಕೇ?

ಮಗಳು ಎನ್‌ಸಿಸಿ ಏರ್ ವಿಂಗ್ ಸೇರಿದ್ದಾಳೆ, ಮುಂದಿನ ವಾರ ಚಿಕ್ಕ ವಿಮಾನದಲ್ಲಿ ಹಾರಿಸುತ್ತಾರಂತೆ. ಸುದ್ದಿ ಗೊತ್ತಾದ ಕೂಡಲೇ ಮನೆಯ ವಾಟ್ಸಾಪ್ ಗುಂಪಿನಲ್ಲಿ ಸಲಹೆಗಳ ಸುರಿಮಳೆ. ಖಾಲಿ ಹೊಟ್ಟೆಯಲ್ಲಿ ಕಳಿಸಿ. ಸೀಟಿನ ಮೇಲೆ ಪೇಪರ್ ಹಾಕಿಕೊಂಡು ಕೂರಲಿ. ಜೇಬಿನಲ್ಲಿ ನಿಂಬೆಹಣ್ಣು ಇರಲಿ. ಬಸ್ಸಿಗೆ ಕೊಡುವ ವಾಂತಿ ಮಾತ್ರೆ ಎರಡು ನುಂಗಿಸಿ. ಏರ್ ಪಾಕೆಟ್‌ಗೆ ಸಿಕ್ಕಿದರೆ ವಿಮಾನ ದೊಪ್ಪನೆ ಬೀಳುತ್ತೆ. ಎಂಜಿನ್ ನಿಂತರೆ ಕಥೆ ಮುಗೀತು.

ಎನ್‌ಸಿಸಿ ಶುರುವಾಗಿದ್ದು 1948ರಲ್ಲಿ, ಅದರ ಏರ್ ವಿಂಗ್ 1950ರಲ್ಲಿ. ಅಂದಿನಿಂದಲೂ ವಿದ್ಯಾರ್ಥಿಗಳು ಎರಡು ಸೀಟಿನ ವಿಮಾನಗಳಲ್ಲಿ ಪೈಲಟ್ ಜೊತೆ ಕೂತು ಹಾರುತ್ತಿದ್ದಾರೆ. ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್.ಪೇಟೆ, ನಾಗಮಂಗಲದ ಮನೆಗಳಲ್ಲಿ ವಿಮಾನ ಹತ್ತುವ ಮೊದಲ ವ್ಯಕ್ತಿ ಆ ಮಗುವೇ ಆಗಿರುವುದು ಅಪರೂಪವೇನಲ್ಲ. ಹಾಗಾಗಿ ಅಪ್ಪ ಅಮ್ಮನ ಆತಂಕ ಸಹಜ. ಆದರೆ ಫಾರ್ವರ್ಡ್‌ಗಳು ಹೆದರಿಸುವುದು ಒಂದಕ್ಕೆ, ನಿಜವಾಗಿ ಎಚ್ಚರ ವಹಿಸಬೇಕಾದ್ದು ಇನ್ನೊಂದಕ್ಕೆ. ಒಂದೊಂದಾಗಿ ನೋಡೋಣ.

ಏರ್ ಪಾಕೆಟ್ ಅಂದರೆ ಗಾಳಿಯಿಲ್ಲದ ಗುಂಡಿಯೇ?

ಅಲ್ಲ. ಆಕಾಶದಲ್ಲಿ ಗಾಳಿಯೇ ಇಲ್ಲದ ಗುಂಡಿ ಎಂಬುದು ಇಲ್ಲ. ಇರುವುದು ಮೇಲೇರುವ ಗಾಳಿ ಮತ್ತು ಕೆಳಗಿಳಿಯುವ ಗಾಳಿ. ಇದನ್ನು ಅರ್ಥ ಮಾಡಿಕೊಳ್ಳಲು ಮಂಡ್ಯ ಜಿಲ್ಲೆಗಿಂತ ಒಳ್ಳೆಯ ಪಾಠಶಾಲೆ ಬೇಕಿಲ್ಲ.

ವಿಶ್ವೇಶ್ವರಯ್ಯ ನಾಲೆಯ ನೀರು ಹರಿಯುವ ಗದ್ದೆ ಬಯಲನ್ನು ನೆನಪಿಸಿಕೊಳ್ಳಿ. ಭತ್ತ, ಕಬ್ಬು, ಒದ್ದೆ ಮಣ್ಣು. ಬಿಸಿಲಿನ ಶಾಖದಲ್ಲಿ ಹೆಚ್ಚಿನ ಪಾಲು ಅಲ್ಲಿ ನೀರನ್ನು ಆವಿ ಮಾಡುವುದಕ್ಕೇ ಖರ್ಚಾಗುತ್ತದೆ, ನೆಲ ಅಷ್ಟಾಗಿ ಕಾಯುವುದಿಲ್ಲ. ಈಗ ನಾಗಮಂಗಲದ ಕಡೆಯ ಬೋಳು ಬಂಡೆ, ಉತ್ತು ಬಿಟ್ಟ ರಾಗಿ ಹೊಲ, ಅಥವಾ ಪಾಂಡವಪುರದ ಕುಂತಿಬೆಟ್ಟದ ಕಲ್ಲುಗಳನ್ನು ನೆನೆಯಿರಿ. ಮಧ್ಯಾಹ್ನದ ಹೊತ್ತಿಗೆ ಅವು ಹೆಂಚಿನಂತೆ ಕಾದಿರುತ್ತವೆ. ಕಾದ ನೆಲ ತನ್ನ ಮೇಲಿನ ಗಾಳಿಯನ್ನು ಕಾಯಿಸುತ್ತದೆ, ಬಿಸಿಗಾಳಿ ಹಗುರಾಗಿ ಮೇಲಕ್ಕೆ ನುಗ್ಗುತ್ತದೆ, ಅದರ ಅಕ್ಕಪಕ್ಕದಲ್ಲಿ ತಣ್ಣನೆಯ ಗಾಳಿ ಕೆಳಗಿಳಿಯುತ್ತದೆ. ಚಿಕ್ಕ ವಿಮಾನ ಇಂಥ ಒಂದರಿಂದ ಇನ್ನೊಂದಕ್ಕೆ ದಾಟುವಾಗ ಕುಲುಕುತ್ತದೆ. ಕೆಆರ್‌ಎಸ್ ಹಿನ್ನೀರಿನ ಮೇಲಿನ ಗಾಳಿಗೂ ದಡದಾಚೆಯ ಒಣ ನೆಲದ ಮೇಲಿನ ಗಾಳಿಗೂ ಇದೇ ವ್ಯತ್ಯಾಸ.

ಈ ಬಿಸಿಗಾಳಿ ಕಣ್ಣಿಗೆ ಕಾಣುವುದಿಲ್ಲ, ಆದರೆ ಹಕ್ಕಿಗಳಿಗೆ ಗೊತ್ತು. ರೆಕ್ಕೆ ಬಡಿಯದೆ ಸುತ್ತು ಹಾಕುತ್ತಲೇ ಮೇಲೇರುವ ಹದ್ದು ಇಂಥ ಗಾಳಿಯ ಕಂಬದೊಳಗೇ ಇರುತ್ತದೆ. ರಂಗನತಿಟ್ಟಿನ ಹೆಜ್ಜಾರ್ಲೆಗಳೂ ದೂರ ಹೋಗಬೇಕಾದರೆ ಬಿಸಿಲೇರಿದ ಮೇಲೆ ಇದೇ ಗಾಳಿಯ ಆಸರೆ ಪಡೆಯುತ್ತವೆ. ಹಕ್ಕಿಗೆ ಲಾಭವಾಗುವ ಹೊತ್ತು ಹೊಸ ಕೆಡೆಟ್‌ನ ಹೊಟ್ಟೆಗೆ ಕಷ್ಟ. ಸಾಧ್ಯವಾದಷ್ಟೂ ಮೊದಲ ಹಾರಾಟವನ್ನು ಬೆಳಗ್ಗೆಯೇ ಇಡುವುದಕ್ಕೆ ಇದೊಂದು ಮುಖ್ಯ ಕಾರಣ. ಬೆಳಗಿನ ಜಾವ ಎದ್ದು ಮಂಡಕಳ್ಳಿಗೋ ಜಕ್ಕೂರಿಗೋ ಹೊರಡಬೇಕಲ್ಲ ಎಂದು ಗೊಣಗುವ ಮೊದಲು ಇದನ್ನು ನೆನಪಿಡಿ.

ಎಂಜಿನ್ ನಿಂತರೆ ಕಲ್ಲಿನಂತೆ ಬೀಳುತ್ತದೆಯೇ?

ವಿಮಾನವನ್ನು ಮೇಲೆ ಹಿಡಿದಿರುವುದು ರೆಕ್ಕೆ, ಎಂಜಿನ್ ಅಲ್ಲ. ಎಂಜಿನ್ ಕೆಲಸ ಮುಂದಕ್ಕೆ ಎಳೆಯುವುದು. ಅದು ನಿಂತರೆ ಪೈಲಟ್ ಮೂತಿಯನ್ನು ತುಸು ಕೆಳಗಿಳಿಸಿ ವೇಗ ಕಾಯ್ದುಕೊಳ್ಳುತ್ತಾರೆ, ವಿಮಾನ ಇಳಿಜಾರಿನಲ್ಲಿ ಸೈಕಲ್ ಬಿಟ್ಟ ಹಾಗೆ ಜಾರುತ್ತಾ ಇಳಿಯುತ್ತದೆ. ತರಬೇತಿಯಲ್ಲಿ ಬಹಳ ಬಳಕೆಯಲ್ಲಿರುವ ಸೆಸ್ನಾ 172 ವಿಮಾನ ಗಾಳಿ ಶಾಂತವಾಗಿದ್ದರೆ ಒಂದು ಅಡಿ ಇಳಿಯುವಷ್ಟರಲ್ಲಿ ಸುಮಾರು 9 ಅಡಿ ಮುಂದೆ ಸಾಗುತ್ತದೆ. ಅಂದರೆ 1,000 ಅಡಿ ಎತ್ತರದಲ್ಲಿ ಎಂಜಿನ್ ನಿಂತರೂ ಸುಮಾರು 2.7 ಕಿ.ಮೀ. ಹೋಗಬಹುದು.  ಕೈಯಲ್ಲಿರುವ ಸಮಯ ಮಾತ್ರ ಒಂದೂಕಾಲು ನಿಮಿಷದ ಆಸುಪಾಸು. ಅದಕ್ಕೇ ಪೈಲಟ್‌ಗಳು ಎಂಜಿನ್ ಚೆನ್ನಾಗಿ ಓಡುತ್ತಿರುವಾಗಲೇ ಇಳಿಯಲು ತಕ್ಕ ಬಯಲನ್ನು ನೋಡಿಟ್ಟುಕೊಂಡಿರುತ್ತಾರೆ.

ಹಾಗೆಂದು ಅಪಾಯವೇ ಇಲ್ಲ ಎಂದು ನಾವು ಹೇಳುವುದಿಲ್ಲ. 2023ರ ಮೇ 30ರಂದು ಬೆಳಗಾವಿಯ ಸಾಂಬ್ರಾದಿಂದ ಹೊರಟ ತರಬೇತಿ ವಿಮಾನವೊಂದು ತಾಂತ್ರಿಕ ತೊಂದರೆಯಿಂದ ಹೊಲದಲ್ಲಿ ಇಳಿಯಬೇಕಾಯಿತು. ಒಳಗಿದ್ದ ಇಬ್ಬರೂ ಸಣ್ಣಪುಟ್ಟ ಗಾಯಗಳೊಂದಿಗೆ ಪಾರಾದರು. ಎಲ್ಲ ಸಲವೂ ಹೀಗೆಯೇ ಆಗುತ್ತದೆ ಎಂಬ ಗ್ಯಾರಂಟಿ ಇಲ್ಲ. ‘ಕಲ್ಲಿನಂತೆ ಬೀಳುತ್ತದೆ’ ಎಂಬುದಂತೂ ಸುಳ್ಳು.

ಇನ್ನೊಂದು ಗೊಂದಲ: ಹಾರಾಟದಲ್ಲಿ ‘ಸ್ಟಾಲ್’ ಎಂಬ ಪದ ಕೇಳಿದರೆ ಬೈಕ್ ಆಫ್ ಆದಂತೆ ಎಂಜಿನ್ ಆಫ್ ಆಯಿತು ಎಂದುಕೊಳ್ಳಬೇಡಿ. ಮೂತಿ ಅತಿಯಾಗಿ ಮೇಲೆತ್ತಿ ರೆಕ್ಕೆಯ ಮೇಲೆ ಗಾಳಿ ಸರಾಗವಾಗಿ ಹರಿಯದೇ ಹೋಗುವುದಕ್ಕೆ ಆ ಹೆಸರು.

ಹೊಟ್ಟೆ, ನಿಂಬೆಹಣ್ಣು, ಮಾತ್ರೆ

ವಾಂತಿ ಬರಲು ಕಾರಣ ಹೊಟ್ಟೆಯಲ್ಲ, ಒಳಕಿವಿ. ಸಮತೋಲ ನೋಡಿಕೊಳ್ಳುವ ಅಂಗ ಅಲ್ಲಿದೆ. ‘ನಾವು ತಿರುಗುತ್ತಿದ್ದೇವೆ’ ಎಂದು ಅದು ಮಿದುಳಿಗೆ ಹೇಳುವಾಗ ಕಣ್ಣು ಕಾಕ್‌ಪಿಟ್‌ನೊಳಗೋ ಮೊಬೈಲ್‌ನೊಳಗೋ ನೆಟ್ಟಿದ್ದರೆ ‘ಇಲ್ಲ, ಎಲ್ಲ ನಿಂತೇ ಇದೆ’ ಎನ್ನುತ್ತದೆ. ಈ ಜಗಳದಿಂದಲೇ ತಲೆಸುತ್ತು, ವಾಕರಿಕೆ. ಪರಿಹಾರವೂ ಅಲ್ಲೇ ಇದೆ: ದೂರದ ದಿಗಂತ ನೋಡುವುದು, ತಲೆಯನ್ನು ಅತ್ತಿತ್ತ ಆಡಿಸದಿರುವುದು, ಗಾಳಿಯ ಕಿಂಡಿ ತೆರೆದುಕೊಳ್ಳುವುದು, ಹೊಟ್ಟೆ ತೊಳೆಸಲು ಶುರುವಾದ ಕೂಡಲೇ ಪೈಲಟ್‌ಗೆ ಹೇಳುವುದು. ಪೇಪರ್ ಮೇಲೆ ಕೂತರೆ ಒಳಕಿವಿಗೆ ಏನೂ ತಿಳಿಯುವುದಿಲ್ಲ. ನಿಂಬೆಯ ವಾಸನೆ ಕೆಲವರಿಗೆ ಹಾಯೆನಿಸಬಹುದು, ಅದು ಚಿಕಿತ್ಸೆಯಲ್ಲ. ತರುವುದಾದರೆ ಜಿಪ್ ಇರುವ ಜೇಬಿನಲ್ಲಿರಲಿ. ಕಾಲಬಳಿ ಉರುಳಿ ಪೆಡಲ್ ಕೆಳಗೆ ಸಿಕ್ಕಿಕೊಂಡ ನಿಂಬೆಹಣ್ಣು ವಾಂತಿಗಿಂತ ದೊಡ್ಡ ತೊಂದರೆ. ಮೊಬೈಲ್‌ಗೂ ಇದೇ ಮಾತು.

ಖಾಲಿ ಹೊಟ್ಟೆ ಬೇಡ. ಹಸಿವು, ನೀರಿನ ಕೊರತೆ ಎರಡೂ ತಲೆಸುತ್ತನ್ನು ಹೆಚ್ಚಿಸುತ್ತವೆ. ಒಂದೆರಡು ಗಂಟೆ ಮೊದಲು ಎರಡು ಇಡ್ಲಿ ಸಾಕು. ದಾರಿಯಲ್ಲಿ ಎಣ್ಣೆ ವಡೆ, ಬೋಂಡ ಬೇಡ. ಹಿಂದಿನ ರಾತ್ರಿಯ ನಿದ್ದೆ ಇವೆಲ್ಲಕ್ಕಿಂತ ಮುಖ್ಯ.

ಮಾತ್ರೆ ವಿಷಯದಲ್ಲಿ ನಮ್ಮ ಅಭಿಪ್ರಾಯ ಸ್ಪಷ್ಟ: ನೀವಾಗಿಯೇ ಕೊಡಬೇಡಿ. ಬಸ್ ಪ್ರಯಾಣಕ್ಕೆ ನುಂಗುವ ಪ್ರೊಮೆಥಜೈನ್‌ನಂಥ ಮಾತ್ರೆಗಳು ಜೋಂಪು ತರುತ್ತವೆ. ಬಸ್ಸಿನಲ್ಲಿ ಮಲಗಿ ಹೋಗಬಹುದು. ಕಾಕ್‌ಪಿಟ್‌ನಲ್ಲಿ ಪೈಲಟ್ ಹೇಳಿದ್ದು ತಲೆಗೆ ಹೋಗಬೇಕು.

ಕಿವಿ ಮತ್ತು ನೆಗಡಿ

‘ಕಿವಿ ತಮಟೆ ಹರಿದುಹೋಗುತ್ತದೆ’ ಎಂದೂ ಹೆದರಿಸುತ್ತಾರೆ. ಮೈಸೂರು ನಗರಕ್ಕಿಂತ ಚಾಮುಂಡಿ ಬೆಟ್ಟ ಸುಮಾರು 1,000 ಅಡಿ ಎತ್ತರದಲ್ಲಿದೆ. ಮೊದಲ ಹಾರಾಟ ನೆಲದಿಂದ ಅಷ್ಟೇ ಎತ್ತರದಲ್ಲಿ ನಡೆದರೆ ಕಿವಿಗೆ ಆಗುವ ಒತ್ತಡದ ಬದಲಾವಣೆ ಬೆಟ್ಟಕ್ಕೆ ಬಸ್ಸಿನಲ್ಲಿ ಹೋಗಿ ಬಂದಷ್ಟೇ, ಶೇ 3ರಿಂದ 4. ಕಿವಿ ಕಟ್ಟಿದಂತಾದರೆ ಎಂಜಲು ನುಂಗಿದರೆ, ಆಕಳಿಸಿದರೆ ಬಿಡುತ್ತದೆ.

ಆದರೆ ನೆಗಡಿ ಇದ್ದರೆ ಲೆಕ್ಕ ಬೇರೆ. ಮೂಗಿನ ಹಿಂಭಾಗದಿಂದ ಕಿವಿಗೆ ಹೋಗುವ ಸಣ್ಣ ನಾಳ ಊದಿಕೊಂಡಿರುತ್ತದೆ. ಮೇಲೇರುವಾಗ ಒಳಗಿನ ಗಾಳಿ ಹೇಗೋ ಹೊರಬರುತ್ತದೆ, ಇಳಿಯುವಾಗ ಹೊರಗಿನ ಗಾಳಿ ಒಳಹೋಗಲು ದಾರಿ ಸಿಗುವುದಿಲ್ಲ. ನೋವು ಬರುವುದು ಆಗ. ಮೂಗು ಪೂರ್ತಿ ಕಟ್ಟಿದ್ದರೆ ಆ ದಿನ ಹಾರದಿರುವುದೇ ಸರಿ.

ನಮಗೆ ನಿಜವಾಗಿ ಚಿಂತೆಯಿರುವುದು ಇಲ್ಲೇ. ತಿಂಗಳುಗಟ್ಟಲೆ ಕಾದ ಅವಕಾಶ ತಪ್ಪಬಾರದೆಂದು ಮಕ್ಕಳು ನೆಗಡಿಯನ್ನು ಮುಚ್ಚಿಡುತ್ತಾರೆ. ಎಷ್ಟೋ ಸಲ ಮನೆಯವರೇ ‘ಹೇಳಬೇಡ, ಕೈಬಿಡ್ತಾರೆ’ ಎನ್ನುತ್ತಾರೆ. ಆಸ್ತಮಾ, ಹಿಂದೆಂದೋ ಬಂದ ಫಿಟ್ಸ್, ಎಚ್ಚರ ತಪ್ಪಿ ಬಿದ್ದದ್ದು, ಕಿವಿಯ ಆಪರೇಷನ್, ದಿನವೂ ತೆಗೆದುಕೊಳ್ಳುವ ಔಷಧ, ಇವು ಯಾವುವೂ ನಾಚಿಕೆಯ ವಿಷಯವಲ್ಲ. ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವಾಗ ಬರೆದು ತಿಳಿಸಿ. ಎರಡೇ ಸೀಟಿನ ವಿಮಾನದಲ್ಲಿ ಪಕ್ಕದವರಿಗೆ ಏನಾದರೂ ಆದರೆ ನೋಡಿಕೊಳ್ಳಲು ಇರುವುದು ವಿಮಾನ ಓಡಿಸುತ್ತಿರುವವರೊಬ್ಬರೇ.

ತೂಕವನ್ನೂ ನಿಜವೇ ಹೇಳಬೇಕು. ಸೆಸ್ನಾ 152 ವಿಮಾನದ ಸ್ವಂತ ತೂಕ, ಇಂಧನ, ಜನ ಎಲ್ಲ ಸೇರಿ ಮೇಲೇರಬಹುದಾದ ಗರಿಷ್ಠ ತೂಕ 757 ಕೆ.ಜಿ. ಅದರಲ್ಲಿ 60 ಕೆ.ಜಿ.ಯ ಕೆಡೆಟ್ ಪಾಲು ಸುಮಾರು ಶೇ 8. ಪೈಲಟ್ ತೂಕ ಕೇಳಿದರೆ ಅದು ಕುತೂಹಲಕ್ಕಲ್ಲ.

ಫಾರ್ವರ್ಡ್‌ಗಳಲ್ಲಿ ಕಾಣದ ಅಪಾಯ

ಅದು ಆಕಾಶದಲ್ಲಿಲ್ಲ, ನೆಲದಲ್ಲಿದೆ. ಪ್ರೊಪೆಲ್ಲರ್ ನಿಮಿಷಕ್ಕೆ ಎರಡು ಸಾವಿರ ಸುತ್ತಿಗಿಂತ ವೇಗವಾಗಿ ತಿರುಗುವಾಗ ಕಣ್ಣಿಗೆ ಸರಿಯಾಗಿ ಕಾಣುವುದೇ ಇಲ್ಲ. ಅದು ನಿಂತಿದ್ದರೂ ಯಾವಾಗ ಬೇಕಾದರೂ ತಿರುಗಬಹುದು ಎಂದೇ ಭಾವಿಸಬೇಕು. ಮೂತಿಯ ಮುಂದೆ ನಿಂತು ಸೆಲ್ಫಿ ಬೇಡ. ಮುಂಭಾಗದಲ್ಲಿ ಪ್ರೊಪೆಲ್ಲರ್ ಇರುವ ವಿಮಾನವಾದರೆ ಸಿಬ್ಬಂದಿ ಕರೆದ ಮೇಲೆ, ಅವರ ಜೊತೆಯಲ್ಲೇ, ರೆಕ್ಕೆಯ ಹಿಂದಿನಿಂದ ಹತ್ತಿರ ಹೋಗಬೇಕು. ಗಾಳಿಗೆ ಹಾರುವ ಟೋಪಿಯನ್ನು ಮೊದಲೇ ತೆಗೆದಿಡಬೇಕು. ಹಾರಿಹೋದರೆ ಅದರ ಹಿಂದೆ ಓಡಬಾರದು.

ಮೇಲೆ ಹೋದಾಗ ಭಯದಿಂದ ಏದುಸಿರು ಬಿಟ್ಟು ಬೆರಳು, ತುಟಿ ಜುಮ್ಮೆನ್ನಬಹುದು. ಅತಿಯಾಗಿ ಉಸಿರಾಡಿದಾಗ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಕಡಿಮೆಯಾಗಿ ಹೀಗಾಗುತ್ತದೆ. ನಿಧಾನವಾಗಿ ಉಸಿರು ಬಿಡುತ್ತಾ ಪೈಲಟ್ ಜೊತೆ ಮಾತಾಡಿದರೆ ಸಾಮಾನ್ಯವಾಗಿ ಒಂದೆರಡು ನಿಮಿಷದಲ್ಲಿ ಹತೋಟಿಗೆ ಬರುತ್ತದೆ. ಇಳಿದ ಮೇಲೆ ಕಿವಿ ಮಂದವಾಗಿದ್ದರೆ ಸಂಜೆಯೊಳಗೆ ಸರಿಹೋಗುವುದೇ ಹೆಚ್ಚು. ಮರುದಿನವೂ ನೋವಿದ್ದರೆ, ಅಥವಾ ಕಿವಿಯಿಂದ ನೀರು, ರಕ್ತ ಬಂದರೆ, ಬಿಸಿ ಎಣ್ಣೆ ಬಿಡದೆ ಕಿವಿ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ.