ತೊರಪಳ್ಳಿಯ ವಕೀಲರೂ ಮದರಾಸಿನ ಬೊಕ್ಕಸವೂ

ಹೊಸೂರಿಗೆ ಸಮೀಪದ ತೊರಪಳ್ಳಿಗೆ ನಮ್ಮ ಮಕ್ಕಳನ್ನು ಕರೆದೊಯ್ದಾಗಲೆಲ್ಲ ಅಲ್ಲಿನ ಸ್ಮಾರಕ ಗೃಹದ ಮುಂದೆ ನಿಂತು, ‘ಇಲ್ಲಿ ಹುಟ್ಟಿದವರು ಯಾರು?’ ಎಂದು ಕೇಳುವುದು ನಮ್ಮ ವಾಡಿಕೆ. ‘ಗವರ್ನರ್ ಜನರಲ್ ಆದ ಏಕೈಕ ಭಾರತೀಯ’ ಎಂಬ ಉತ್ತರ ಒಕ್ಕೊರಲಿನಿಂದ ಬರುತ್ತದೆ. ಪಠ್ಯಪುಸ್ತಕ ಕಲಿಸಿದ ಉತ್ತರ, ತಪ್ಪೇನಿಲ್ಲ. ಆದರೆ ನಮ್ಮ ತಾಲ್ಲೂಕಿನ ಮನೆಮನೆಯ ಬದುಕನ್ನು ತಟ್ಟಿದ್ದು ಆ ಪದವಿಯಲ್ಲ. 1937ರಿಂದ 1939ರವರೆಗೆ ಮದರಾಸು ಪ್ರಾಂತದ ಮುಖ್ಯಸ್ಥರಾಗಿ, ಹಣಕಾಸಿನ ಖಾತೆಯನ್ನೂ ತಮ್ಮ ಬಳಿಯೇ ಇರಿಸಿಕೊಂಡಿದ್ದ ಚಕ್ರವರ್ತಿ ರಾಜಗೋಪಾಲಾಚಾರಿಯವರನ್ನು ಕುರಿತು ಇಲ್ಲಿ ನಾಲ್ಕು ಮಾತು ಬರೆಯಬೇಕೆನಿಸಿದೆ.

ಅವರು ಜನಿಸಿದ್ದು 1878ರ ಡಿಸೆಂಬರ್ 10ರಂದು. ತಂದೆ ವೆಂಕಟಾರ್ಯ ಅಯ್ಯಂಗಾರರು ಊರಿನ ಮುನ್ಸೀಫರು. ಮನೆಯ ಮಾತು ತಮಿಳು. ಸುತ್ತಲಿನ ಸೀಮೆಯಲ್ಲಿ ಕನ್ನಡ, ತೆಲುಗು. ಊರಿನ ಶಾಲೆಯ ಬಳಿಕ ಹೊಸೂರಿನ ಸರ್ಕಾರಿ ಶಾಲೆ, ಅನಂತರ ಬೆಂಗಳೂರಿನ ಸೆಂಟ್ರಲ್ ಕಾಲೇಜು. ಅಲ್ಲಿ ಪ್ರೊಫೆಸರ್ ಟೇಟ್ ಅವರ ಶಿಷ್ಯತ್ವ ದೊರೆಯಿತು. ಮದರಾಸಿನಲ್ಲಿ ಕಾನೂನು ವ್ಯಾಸಂಗ ಮುಗಿಸಿ 1900ರಲ್ಲಿ ಸೇಲಂ ಪಟ್ಟಣದಲ್ಲಿ ವಕೀಲಿ ವೃತ್ತಿಯನ್ನು ಆರಂಭಿಸಿದರು. ನಮ್ಮ ಹೊಸೂರು ಆಗ ಸೇಲಂ ಜಿಲ್ಲೆಗೆ ಸೇರಿದ್ದಿತೆಂಬುದನ್ನು ಓದುಗರು ನೆನಪಿನಲ್ಲಿಡಬೇಕು. ಮುಂದಿನ ಕಥೆಗೆ ಅದೇ ಕೀಲಿಕೈ.

ವೃತ್ತಿಯಲ್ಲಿ ಹೆಸರೂ ಹಣವೂ ಬಹುಬೇಗ ಬಂದವು. 1917ರಲ್ಲಿ ಸೇಲಂ ಪುರಸಭೆಯ ಅಧ್ಯಕ್ಷರಾದರು. ಅಗ್ರಹಾರದ ನಲ್ಲಿಗಳಿಗೆ ನೀರು ಬಿಡುವ ಕೆಲಸಕ್ಕೆ ಅಸ್ಪೃಶ್ಯರೆನಿಸಿದವರೊಬ್ಬರನ್ನು ನೇಮಿಸಿದರೆಂದು ಸ್ವಜಾತಿಯವರೇ ಸಿಡಿದೆದ್ದರು, ಅಧ್ಯಕ್ಷರು ಜಗ್ಗಲಿಲ್ಲ. ಇದರ ನಡುವೆ ಪತ್ನಿ ಅಲಮೇಲು ಮಂಗಮ್ಮನವರು ಐದು ಮಕ್ಕಳನ್ನು ಬಿಟ್ಟು ಅಕಾಲದಲ್ಲಿ ತೀರಿಕೊಂಡಿದ್ದರು. 1919ರಲ್ಲಿ ಗಾಂಧೀಜಿ ಮದರಾಸಿಗೆ ಬಂದಾಗ ಇವರ ಮನೆಯಲ್ಲಿಯೇ ತಂಗಿದರು. ಮರುವರ್ಷ ಅಸಹಕಾರದ ಕರೆ ಬಂದೊಡನೆ ರಾಜಾಜಿಯವರು ನ್ಯಾಯಾಲಯದ ಮೆಟ್ಟಿಲಿಳಿದರು.

ಸೆರೆಮನೆ, ವೇದಾರಣ್ಯದ ಉಪ್ಪಿನ ಯಾತ್ರೆ ಇವೆಲ್ಲ ಪಠ್ಯಪುಸ್ತಕಗಳಲ್ಲಿವೆ. ಅಷ್ಟಾಗಿ ತಿಳಿಯದಿರುವುದು 1925ರಿಂದ ಅವರು ಸೇಲಂ ಜಿಲ್ಲೆಯ ತಿರುಚೆಂಗೋಡಿನ ಬಳಿ ನಡೆಸಿದ ಗಾಂಧಿ ಆಶ್ರಮ. ಖಾದಿಯ ಕೆಲಸಕ್ಕೆಂದು ಹಳ್ಳಿಗೆ ಹೋದ ಪಟ್ಟಣದ ವಕೀಲರಿಗೆ ಅಲ್ಲಿ ಕಂಡದ್ದು ಹೆಂಡದಂಗಡಿ. ಹೆಂಡತಿ ಹಗಲೆಲ್ಲ ನೂತು ಗಳಿಸಿದ ಕಾಸು ಸಂಜೆ ಗಂಡನ ಕೈಯಿಂದ ಅಂಗಡಿಗೆ ಹೋಗುತ್ತಿತ್ತು. ಪಾನನಿರೋಧಕ್ಕೆಂದೇ ‘ವಿಮೋಚನಂ’ ಎಂಬ ತಮಿಳು ಪತ್ರಿಕೆಯನ್ನು ಅವರು ಅಲ್ಲಿಂದ ಹೊರಡಿಸಿದರು.

1937ರ ಜುಲೈ 14ರಂದು ಅವರು ಅಧಿಕಾರ ವಹಿಸಿಕೊಂಡರು. ಮಂತ್ರಿಗಳ ಸಂಬಳ ತಿಂಗಳಿಗೆ 500 ರೂಪಾಯಿ ಎಂದು ಕಾಂಗ್ರೆಸ್ಸು ಗೊತ್ತುಪಡಿಸಿತ್ತು. ಅಷ್ಟರಿಂದ ಬೊಕ್ಕಸ ಎಷ್ಟು ತಾನೆ ತುಂಬೀತು? ಪ್ರಾಂತದ ವರಮಾನದ ಸುಮಾರು ಕಾಲುಭಾಗ ಬರುತ್ತಿದ್ದುದು ಅಬಕಾರಿಯಿಂದ. ಸೇಂದಿ ಸಾರಾಯಿಯ ಅಂಗಡಿಗಳನ್ನು ಮುಚ್ಚಿದರೆ ಶಾಲೆ, ಆಸ್ಪತ್ರೆ, ರಸ್ತೆಗಳಿಗೆ ಹಣವೆಲ್ಲಿಯದು? ಬೇರೊಬ್ಬರು ಹಣಕಾಸಿನ ಮಂತ್ರಿಯಾಗಿದ್ದರೆ ಈ ಪ್ರಶ್ನೆಯನ್ನು ಮುಂದಿಟ್ಟು ಅವರನ್ನು ತಡೆಯುತ್ತಿದ್ದರೋ ಏನೋ. ಆ ಖಾತೆಯನ್ನು ಅವರು ಯಾರಿಗೂ ಬಿಟ್ಟುಕೊಡದಿದ್ದುದರ ಗುಟ್ಟು ಇದೇ ಇರಬೇಕೆಂದು ನಮ್ಮ ಊಹೆ.

ಇಡೀ ಪ್ರಾಂತಕ್ಕೆ ಒಮ್ಮೆಲೇ ಕೈಹಾಕಲಿಲ್ಲ. ಮೊದಲು ಆರಿಸಿಕೊಂಡದ್ದು ತಮ್ಮ ಜಿಲ್ಲೆಯನ್ನೇ. 1937ರ ಅಕ್ಟೋಬರ್ 1ರಂದು ಸೇಲಂ ಜಿಲ್ಲೆಯ ಅಂಗಡಿಗಳಿಗೆಲ್ಲ ಬೀಗ ಬಿತ್ತು, ನಮ್ಮ ತಾಲ್ಲೂಕಿನವೂ ಸೇರಿದಂತೆ. ಕಲೆಕ್ಟರ್ ಡಿಕ್ಸನ್ ಎಂಬ ಆಂಗ್ಲ ಅಧಿಕಾರಿ ಈ ಕೆಲಸವನ್ನು ಮನಸ್ಸಿಟ್ಟು ನಡೆಸಿದರು. ಮುಂದಿನ ಎರಡು ವರ್ಷಗಳಲ್ಲಿ ಚಿತ್ತೂರು, ಕಡಪ, ಉತ್ತರ ಆರ್ಕಾಟು ಜಿಲ್ಲೆಗಳಿಗೂ ಅದು ಹಬ್ಬಿತು. ಗಡಿಯವರಾದ ನಮಗೆ ಇದರಲ್ಲೊಂದು ವಿಶೇಷ ಕಾಣುತ್ತದೆ. ಅತ್ತಿಬೆಲೆಯ ಕಡೆ ಗಡಿಕಲ್ಲನ್ನು ದಾಟಿದರೆ ಮೈಸೂರು ಸಂಸ್ಥಾನ. ಅಲ್ಲಿ ಈ ಕಾನೂನು ನಡೆಯದು, ಅಂಗಡಿಗಳು ತೆರೆದೇ ಇದ್ದವು. ಕುಡಿಯಲೇಬೇಕೆಂದವನಿಗೆ ನಡೆಯುವ ದೂರ ಹೆಚ್ಚಾಯಿತು, ಅಷ್ಟೇ. ಆದರೂ ಮನೆಯ ಹೆಂಗಸರ ಪಾಲಿಗೆ ಆ ದೂರವೇ ಒಂದು ರಕ್ಷೆಯಾಗಿತ್ತೆಂದು ಭಾವಿಸುತ್ತೇವೆ.

ಬರಿದಾದ ಬೊಕ್ಕಸಕ್ಕೆ ಅವರು ಕಂಡುಕೊಂಡ ಉಪಾಯ 1939ರ ಸಾಮಾನ್ಯ ಮಾರಾಟ ತೆರಿಗೆ. ಎಲ್ಲ ಬಗೆಯ ಸರಕಿಗೂ ಅನ್ವಯಿಸುವ ಇಂಥ ತೆರಿಗೆ ದೇಶದಲ್ಲಿ ಅದೇ ಮೊದಲು. ವರ್ಷದ ವಹಿವಾಟು 10,000 ರೂಪಾಯಿಗಿಂತ ಕಡಿಮೆಯಿದ್ದ ಸಣ್ಣ ಅಂಗಡಿಯವರಿಗೆ ತೆರಿಗೆಯಿಲ್ಲ. ಅಲ್ಲಿಂದ 20,000ದವರೆಗೆ ತಿಂಗಳಿಗೆ ಐದು ರೂಪಾಯಿ. ಅದಕ್ಕೂ ಮೇಲ್ಪಟ್ಟವರಿಗೆ ನೂರಕ್ಕೆ ಎಂಟಾಣೆ. 40,000 ರೂಪಾಯಿ ವಹಿವಾಟಿದ್ದ ವರ್ತಕನು ವರ್ಷಕ್ಕೆ 200 ರೂಪಾಯಿ ಕಟ್ಟಬೇಕು. ಮಕ್ಕಳಿಗೆ ಒಳ್ಳೆಯ ಲೆಕ್ಕ! ವರ್ತಕರು ಕೂಗೆಬ್ಬಿಸಿದರು. ಕುಡಿಯುವವನು ತೆರುತ್ತಿದ್ದ ಹಣವನ್ನು ಇನ್ನು ಕುಡಿಯದವನೂ ತೆರಬೇಕೆ ಎಂಬುದು ಎದುರಾಳಿಗಳ ವಾದ. ಆ ವಾದದಲ್ಲಿ ಹುರುಳಿಲ್ಲವೆಂದು ನಾವು ಹೇಳಲಾರೆವು.

ವಿಚಿತ್ರವೆಂದರೆ ಮುಂದಾದದ್ದು. 1939ರ ಅಕ್ಟೋಬರ್ ಕೊನೆಯಲ್ಲಿ, ಯುದ್ಧದ ಕಾರಣ ಕಾಂಗ್ರೆಸ್ ಮಂತ್ರಿಮಂಡಲ ರಾಜೀನಾಮೆಯಿತ್ತಿತು. ಯುದ್ಧಕಾಲದಲ್ಲಿ ಗವರ್ನರರ ಆಡಳಿತ ಪಾನನಿರೋಧವನ್ನು ಕೈಬಿಟ್ಟಿತು, ತೆರಿಗೆಯನ್ನು ಬಿಡಲಿಲ್ಲ. ಇತರ ಪ್ರಾಂತಗಳೂ ಒಂದೊಂದಾಗಿ ಅದನ್ನು ಅನುಸರಿಸಿದವು. ಸಾರಾಯಿಯನ್ನು ತೊಲಗಿಸಲು ಬಂದ ತೆರಿಗೆ, ಸಾರಾಯಿ ಮರಳಿ ಬಂದ ಮೇಲೂ ಬೊಕ್ಕಸದ ಆಧಾರಸ್ತಂಭವಾಗಿ ನಿಂತಿತು.

ಶಾಲೆಯ ಸಂಚಿಕೆಯಲ್ಲಿ ಇನ್ನೊಂದು ವಿಷಯವನ್ನು ಮರೆಮಾಚುವುದು ಸಲ್ಲದು. 1938ರ ಏಪ್ರಿಲಿನಲ್ಲಿ ಇದೇ ರಾಜಾಜಿಯವರು 125 ಪ್ರೌಢಶಾಲೆಗಳಲ್ಲಿ ಹಿಂದೂಸ್ತಾನಿಯನ್ನು ಕಡ್ಡಾಯಗೊಳಿಸಿದರು. ಅವುಗಳಲ್ಲಿ ನಾಲ್ಕು ಕನ್ನಡ ಸೀಮೆಯವು. ವಿರೋಧಿಸಿದ ನೂರಾರು ಜನ ಸೆರೆ ಸೇರಿದರು. ನಟರಾಜನ್, ತಾಳಮುತ್ತು ಎಂಬಿಬ್ಬರು ಬಂಧನದಲ್ಲಿದ್ದಾಗ ಅಸ್ವಸ್ಥರಾಗಿ ಮರಣ ಹೊಂದಿದರು. 1940ರಲ್ಲಿ ಗವರ್ನರರು ಆ ಆಜ್ಞೆಯನ್ನು ಹಿಂತೆಗೆದುಕೊಂಡರು. ಮತ್ತೆ 1953ರಲ್ಲಿ, ಮುಖ್ಯಮಂತ್ರಿಯಾಗಿದ್ದಾಗ, ಹಳ್ಳಿಯ ಮಕ್ಕಳಿಗೆ ಅರ್ಧ ದಿನ ಪಾಠ, ಉಳಿದ ಹೊತ್ತು ಮನೆಯ ಕಸುಬು ಎಂಬ ಯೋಜನೆ ತಂದು, ಮರುವರ್ಷ ಅಧಿಕಾರವನ್ನೇ ಬಿಡಬೇಕಾಯಿತು. ಕುಲಕಸುಬಿಗೆ ಕಟ್ಟಿಹಾಕುವ ಆ ಯೋಜನೆಯನ್ನು ಶಿಕ್ಷಕಿಯರಾದ ನಾವು ಒಪ್ಪುವುದು ಸಾಧ್ಯವೇ ಇಲ್ಲ. ಅಬಕಾರಿಯ ವಿಷಯದಲ್ಲಿ ಒಂದೊಂದೇ ಜಿಲ್ಲೆಯಾಗಿ ಅಡಿಯಿಟ್ಟು, ನಷ್ಟವನ್ನು ಮೊದಲೇ ಲೆಕ್ಕಹಾಕಿದ ಅದೇ ವಕೀಲರು ಮಕ್ಕಳ ನಾಲಗೆಯ, ಓದಿನ ವಿಷಯದಲ್ಲಿ ಯಾರ ಮಾತನ್ನೂ ಕೇಳಲಿಲ್ಲವಲ್ಲ ಎಂಬ ಕೊರಗು ನಮ್ಮಲ್ಲಿ ಇದ್ದೇ ಇದೆ. ಗಡಿನಾಡಿನಲ್ಲಿ ಕನ್ನಡ ಶಾಲೆಯ ಬಾಗಿಲನ್ನು ತೆರೆದಿಟ್ಟುಕೊಂಡು ಬಂದವರಿಗೆ ಆ ಕೊರಗು ಅರ್ಥವಾದೀತು.

ಸ್ವಾತಂತ್ರ್ಯಾನಂತರ 1948ರ ಅಕ್ಟೋಬರ್ 2ರಿಂದ ಪಾನನಿರೋಧ ಇಡೀ ಮದರಾಸು ಪ್ರಾಂತಕ್ಕೆ ವಿಸ್ತರಿಸಿತು. 1971ರಲ್ಲಿ ತಮಿಳುನಾಡು ಸರ್ಕಾರ ಅದನ್ನು ತೆಗೆದುಹಾಕಲು ಹೊರಟಾಗ, ತೊಂಬತ್ತೆರಡರ ಹರೆಯದ ರಾಜಾಜಿಯವರು ಸುರಿಯುವ ಮಳೆಯಲ್ಲಿ ಮುಖ್ಯಮಂತ್ರಿ ಕರುಣಾನಿಧಿಯವರ ಮನೆಗೆ ತಾವೇ ಹೋಗಿ, ಬೇಡವೆಂದು ಬೇಡಿಕೊಂಡರು. ಅಂಗಡಿಗಳು ತೆರೆದವು. 1972ರ ಡಿಸೆಂಬರ್ 25ರಂದು ಅವರು ಮದರಾಸಿನಲ್ಲಿ ಕಾಲವಾದರು.